ನನ್ನ ಪರದೆಯಿಂದ ನೀನು ತೆಗೆದದ್ದು

ಅರಿಯೇತಾ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಸುಳ್ಳಿನಿಂದ ಶುರು ಮಾಡುವುದು ಬೇಡ ಅನ್ನಿಸಿತು.

ನೀನು ಬರುವ ಮೊದಲು, ಸುವಾ ಪಟ್ಟಣದ ನಮ್ಮ ಔಷಧಿ ಮಳಿಗೆಯಲ್ಲಿ ಹದಿನೇಳು ವರ್ಷ ರವಾನೆ ವಿಭಾಗ ನೋಡಿಕೊಂಡವಳು ನಾನು. ಅದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದಿತ್ತು. ಎಲ್ಲರೂ ತಂತಮ್ಮ ಮೇಜಿನಿಂದ ಒಂದೇ ಸರ್ವರಿನೊಳಗೆ ಹೋಗಿ ಕೆಲಸ ಮಾಡುತ್ತಿದ್ದೆವಲ್ಲ, ಅದನ್ನು ಸಂಭಾಳಿಸುವ ನಾಲ್ಕು ಉಪಾಯಗಳನ್ನು ಹಳೆಯ ಮ್ಯಾನೇಜರ್ ತೋಮಾಸಿ ನನಗೆ ಹೇಳಿಕೊಟ್ಟಿದ್ದರು. ಯಾರಾದರೂ ಪಾಸ್‌ವರ್ಡ್ ಮರೆತರೆ, ಪ್ರಿಂಟರ್ ಮುನಿಸಿಕೊಂಡರೆ, “ಮಾಕೆರೆತಾ ಅಕ್ಕ, ಸ್ವಲ್ಪ ನೋಡಿ” ಎಂದು ನನ್ನ ಮೇಜಿಗೇ ಬರುತ್ತಿದ್ದರು. ಗಂಡ ತೀರಿಕೊಂಡ ವರ್ಷ, ಆ ‘ಅಕ್ಕ’ ಎಂಬ ಕರೆಯೊಂದೇ ನನ್ನನ್ನು ದಿನಾ ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿತ್ತು.

ಕಂಪ್ಯೂಟರ್‌ಗಳನ್ನು ನೋಡಿಕೊಳ್ಳಲು ನೀನು ಬಂದ ತಿಂಗಳಲ್ಲೇ ಮಾರಾಟ ವಿಭಾಗದ ವಿಲಿಯಾಮೆ ಆಡಳಿತದ ಮೆನುವಿನಲ್ಲಿ ಏನನ್ನೋ ಒತ್ತಿದ. ಅರ್ಧ ದಿನ ಒಂದು ಚೀಟಿಯೂ ಅಚ್ಚಾಗಲಿಲ್ಲ. ಅವನನ್ನು ಬಯ್ಯುತ್ತೀಯೆಂದು ನಾನು ಕಾದಿದ್ದೆ. ನೀನು ಸಭೆಯಲ್ಲಿ ಮೆಲ್ಲಗೆ ಹೇಳಿದೆ: “ಅವ್ನ ತಪ್ಪಲ್ಲ. ಎಲ್ರ ಕೈಗೂ ಸಿಗೋ ಹಾಗೆ ಇಟ್ಟಿದ್ದೇ ತಪ್ಪು. ಅವರವರ ಕೆಲಸಕ್ಕೆ ಬೇಕಾದಷ್ಟು ಕಂಡ್ರೆ ಸಾಕು.”

ಸೋಮವಾರ ಮೆನು ತೆರೆದರೆ ಆಡಳಿತದ ಸಾಧನಗಳು ಒಂದೂ ಇಲ್ಲ. ಅವುಗಳ ಹೆಸರು ಟೈಪ್ ಮಾಡಿ ಹುಡುಕಿದರೆ, ನಿಮಗೆ ಅನುಮತಿ ಇಲ್ಲ ಎಂಬ ಉತ್ತರ. ನಿನ್ನ ಬಳಿಗೆ ಓಡಿಬಂದು ಕೇಳಿದೆ. “ನಿಮಗೊಬ್ರಿಗೇ ಅಲ್ಲ ಅಕ್ಕ, ಎಲ್ರಿಗೂ ತೆಗ್ದಿದೀನಿ” ಎಂದೆ ನೀನು. ಸಮಾಧಾನಕ್ಕೆ ಹೇಳಿದ ಮಾತು ಅದು. ನನಗೆ ಚುಚ್ಚಿದ್ದೂ ಅದೇ. ಒಂದೇ ಮಾತಿನಲ್ಲಿ ನಾನೂ ಎಲ್ಲರಲ್ಲಿ ಒಬ್ಬಳಾಗಿಬಿಟ್ಟೆ.

ಆಮೇಲೆ ಜನ ನನ್ನ ಮೇಜು ದಾಟಿ ನಿನ್ನ ಬಳಿಗೆ ಹೋಗತೊಡಗಿದರು. ವಿಲಿಯಾಮೆ ಬೇರೆ, “ಏನಕ್ಕಾ, ರಾಣಿ ಪಟ್ಟ ಹೋಯ್ತಂತೆ!” ಎಂದು ಹಲ್ಲುಕಿರಿಯುತ್ತಿದ್ದ. ನಕ್ಕೆ. ನಿನ್ನ ನಗು, ನಿನ್ನ ಕಿವಿಯ ಹಿಂದಿನ ಹೂವು, ಮರಗೆಣಸು ತಿನ್ನುತ್ತಲೇ ಒಂದೇ ಕೈಯಲ್ಲಿ ಟೈಪ್ ಮಾಡುವ ನಿನ್ನ ಚುರುಕು, ಯಾವುದನ್ನೂ ಸಹಿಸಲಾಗಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ನಿನ್ನ ತಪ್ಪುಗಳನ್ನು ಹುಡುಕುತ್ತಾ ಕೂರುತ್ತಿದ್ದೆ.

ಒಂದು ಸಿಕ್ಕಿತು. ತೋಮಾಸಿಯವರ ಹಳೆಯ ಖಾತೆಯನ್ನು ಮುಚ್ಚಲು ನೀನು ಮರೆತಿದ್ದೆ. ಅದರ ಪಾಸ್‌ವರ್ಡ್ ನನಗೆ ಬಾಯಿಪಾಠ.

ಆ ಗುರುವಾರ ಬೆಳಿಗ್ಗೆ ಹತ್ತೂವರೆಗೆ ಅದರಿಂದ ಒಳಹೊಕ್ಕು ಸರ್ವರನ್ನು ಮರುಚಾಲನೆ ಮಾಡಿದೆ. ಎಲ್ಲರ ಪರದೆಗಳೂ ಒಮ್ಮೆಲೇ ಕಪ್ಪಾಗಲಿ, ಎಲ್ಲರೂ ನಿನ್ನತ್ತ ಸಿಟ್ಟಿನಿಂದ ತಿರುಗಲಿ, ಅಷ್ಟೇ ನನಗೆ ಬೇಕಿತ್ತು. ಲಾವು ದ್ವೀಪಗಳಿಗೆ ಹೋಗುವ ಇನ್ಸುಲಿನ್ ಪೆಟ್ಟಿಗೆಗಳ ಪಟ್ಟಿಯನ್ನು ಪಕ್ಕದ ಮೇಜಿನ ವಾಸಿತಿ ಆಗಲೇ ಮುಕ್ಕಾಲು ತುಂಬಿಸಿದ್ದಳು. ಅದನ್ನಿನ್ನೂ ಉಳಿಸಿರಲಿಲ್ಲ, ಪೂರ್ತಿ ಹೋಯಿತು. ಹಡಗು ಹೊರಡುವುದು ಎರಡು ಗಂಟೆಗೆ. ತಪ್ಪಿದರೆ ಇನ್ನೊಂದಕ್ಕೆ ಹದಿನೈದು ದಿನ.

ವಾಸಿತಿ ಅಳುತ್ತಿದ್ದಳು. ನೀನು ಅವಳನ್ನು ಎಬ್ಬಿಸಿಕೊಂಡು ಇನ್ಸುಲಿನ್ ಇಡುವ ತಣ್ಣನೆಯ ಕೋಣೆಗೆ ಓಡಿದೆ, ಪೆಟ್ಟಿಗೆಯ ಮೇಲಿನ ಸಂಖ್ಯೆಗಳನ್ನು ಒಂದೊಂದಾಗಿ ಕೂಗಿದೆ. ಅವನ್ನು ಬರೆದುಕೊಂಡವಳು ನಾನೇ. ಒಂದೇ ಸಂಖ್ಯೆಯನ್ನು ಎರಡು ಸಲ ತಪ್ಪು ಬರೆದು ಹೊಡೆದುಹಾಕಿದೆ. “ಗಾಬರಿ ಬೇಡ ಅಕ್ಕ, ಸಿಗತ್ತೆ ಹಡಗು” ಎಂದೆ ನೀನು. ಕೊನೆಯ ಪೆಟ್ಟಿಗೆ ಹತ್ತಿದಾಗ ಹಡಗಿನವರು ಹಗ್ಗ ಬಿಚ್ಚುತ್ತಿದ್ದರು.

ಸಂಜೆ ಈಗಿನ ಮ್ಯಾನೇಜರ್ ಲಿತಿಯಾ ಮೇಡಂ ವಿಚಾರಿಸಿದಾಗ, “ಹಳೇ ಖಾತೆ ಮುಚ್ಚದೆ ಬಿಟ್ಟಿದ್ದೆ. ತಪ್ಪು ನಂದೇ” ಎಂದೆ ನೀನು. ಎಚ್ಚರಿಕೆಯ ಪತ್ರ ತೆಗೆದುಕೊಂಡೆ. ಯಾವ ಮೇಜಿನಿಂದ ಆದದ್ದೆಂದು ಸರ್ವರಿನ ದಾಖಲೆಯಲ್ಲಿ ನೀನು ನೋಡಿದ್ದೆ. ನನ್ನ ಬಳಿ ಬಂದು, “ಕೈತಪ್ಪಿ ಆಗಿರತ್ತೆ ಅಕ್ಕ, ಯಾರಿಗೂ ಹೇಳಲ್ಲ” ಎಂದು ಪಿಸುಗುಟ್ಟಿದೆ. ಆಗ ನಾಚಿಕೆಗಿಂತ ಮೊದಲು ನನಗೆ ಬಂದದ್ದು ಹೊಟ್ಟೆಕಿಚ್ಚು. ಒಳ್ಳೆಯತನದಲ್ಲೂ ಇವಳೇ ನನಗಿಂತ ಮುಂದಾದಳಲ್ಲ ಎಂದು.

ಮೂರು ವಾರ ತಡೆದೆ. ಆ ಎಚ್ಚರಿಕೆಯ ಪತ್ರದಿಂದ ನಿನ್ನ ಕೆಲಸ ಖಾಯಂ ಆಗುವುದು ನಿಂತಿದೆ ಎಂದು ಕೇಳಿದ ಮೇಲೆ ಮೇಡಂ ಬಾಗಿಲು ತಟ್ಟಿದೆ. ಕೈತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದೆ ಎಂದೆ. ಅವರು ನಿನ್ನ ಎಚ್ಚರಿಕೆಯ ಪತ್ರವನ್ನು ಹಿಂದಕ್ಕೆ ಪಡೆದರು, ನಿನ್ನ ಕೆಲಸ ಖಾಯಂ ಆಯಿತು. ನನ್ನನ್ನು ಗೋದಾಮಿಗೆ ಹಾಕಿದ್ದಾರೆ. ಇಲ್ಲಿ ನನಗೆ ಕಂಪ್ಯೂಟರ್ ಇಲ್ಲ.

ಇದನ್ನು ನಿನ್ನೆದುರು ನಿಂತು ಹೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ. ಕ್ಷಮಿಸು ಎನ್ನಲಾರೆ, ಕೇಳಿದರೆ ನೀನು ಥಟ್ಟನೆ ಕ್ಷಮಿಸಿಬಿಡುತ್ತೀಯ, ಅದನ್ನು ತಡೆದುಕೊಳ್ಳುವ ಶಕ್ತಿ ಇನ್ನೂ ಬಂದಿಲ್ಲ.

ದೇವರು ನಿನಗೆ ದೀರ್ಘಾಯುಷ್ಯ ಕೊಡಲಿ, ನಿನ್ನ ಕೈಯ ಕೆಲಸಗಳೆಲ್ಲ ಗೆಲ್ಲಲಿ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ ಮಗಳೇ. ಆದರೂ ಹಾರೈಕೆ ಸುಳ್ಳಲ್ಲ.

ಇಂತಿ,
ಗೋದಾಮಿನಿಂದ, ಮಾಕೆರೆತಾ