ಸನ್ಮಾನಕ್ಕಾಗಿ ಕಿತ್ತ ಜೊಂಡು

ಉದ್ಯಾನ ವಿಭಾಗದ ಅಧಿಕಾರಿಗಳಿಗೆ ನಮಸ್ಕಾರ.

ಹಳ್ಳದ ದಂಡೆಯ ಪಾರ್ಕನ್ನು ನೋಡಿಕೊಳ್ಳುವ ನಮ್ಮ ಗುಂಪಿಗೆ ಬರುವ ಭಾನುವಾರ ಅಲ್ಲಿಯೇ ಸನ್ಮಾನ ಮಾಡುತ್ತೀರೆಂಬ ಪತ್ರ ತಲುಪಿತು. ಸಂತೋಷ. ಅದರ ಹಿಂದೆಯೇ ನಿಮ್ಮ ಕೆಲಸಗಾರರು ಗುದ್ದಲಿ ಹಿಡಿದು ಬಂದರು.

ದಂಡೆ ಕುಸಿಯದಿರಲೆಂದು ಎರಡು ವರ್ಷದಿಂದ ನಾವು ಮೊಣಕಾಲುದ್ದ ಕೆಸರಿನಲ್ಲಿ ನಿಂತು ನೆಟ್ಟ ಜೊಂಡುಹುಲ್ಲನ್ನು ಒಂದೇ ಬೆಳಿಗ್ಗೆ ಬೇರುಸಮೇತ ಕಿತ್ತರು. ನಾನು ಅಡ್ಡ ನಿಂತೆ. "ನಮ್ಮೇಲೆ ಯಾಕಮ್ಮಾ ರೇಗ್ತೀರಾ? ಸಾಹೇಬ್ರು ಬರ್ತಾರೆ, ಶಾಮಿಯಾನ ಹಾಕ್ಬೇಕು, ಕಳೆ ಎಲ್ಲಾ ತೆಗೀರಿ ಅಂದಿದ್ದಾರೆ" ಎಂದ ಮೇಸ್ತ್ರಿ. ಅವನನ್ನು ಬೈದು ಏನು ಪ್ರಯೋಜನ?

ಮಂಡಿನೋವಿದ್ದರೂ ಒಂದು ಭಾನುವಾರವನ್ನೂ ತಪ್ಪಿಸದ ನನ್ನ ನಾದಿನಿ ಕಿತ್ತ ಜೊಂಡಿನ ರಾಶಿ ನೋಡಿ, "ಅತ್ತಿಗೆ, ಸನ್ಮಾನ ನಮಗೋ, ಗುದ್ದಲಿಗೋ?" ಎಂದು ಕೇಳಿದಳು. ಉತ್ತರ ನಿಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ.

ಕಿತ್ತ ಜೊಂಡನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ನಮ್ಮ ಬಚ್ಚಲುಮನೆಯಲ್ಲಿ ಇಟ್ಟಿದ್ದೇವೆ. ನಮ್ಮ ಯಜಮಾನರು ಎರಡು ದಿನದಿಂದ ಗೊಣಗುತ್ತಾ ಪಕ್ಕದ ಮನೆಗೆ ಹೋಗಿ ಸ್ನಾನ ಮಾಡುತ್ತಿದ್ದಾರೆ. ಭಾನುವಾರ ದಾಟಿದರೆ ಬೇರು ಸಾಯುತ್ತದೆ. ಆದ್ದರಿಂದ ಸನ್ಮಾನದ ಫಲಕವನ್ನು ಅಂಚೆಯಲ್ಲಿ ಕಳಿಸಿಬಿಡಿ, ಶಾಮಿಯಾನದವರಿಗೆ ಬೇಡವೆನ್ನಿ. ನೀವು ಮಾತ್ರ ತಪ್ಪದೆ ಬನ್ನಿ, ಬೂಟು ಬಿಟ್ಟು ಬನ್ನಿ. ನಿಮ್ಮ ಭಾಷಣಕ್ಕೆಂದು ಇಟ್ಟಿರುವ ಅರ್ಧ ಗಂಟೆಯಲ್ಲಿ ಒಬ್ಬರು ಇಪ್ಪತ್ತು ಬುಡ ನೆಡಬಹುದು.

ಬರುವಾಗ ಆ ಗುದ್ದಲಿಗಳನ್ನೂ ತನ್ನಿ.

ಇಂತಿ,
ನೀವು ಸನ್ಮಾನಿಸಲಿರುವ ಗುಂಪಿನ
ದರ್ಜಿಯಮ್ಮ