ಹೆಸರು ಹಿಡಿದರೆ ಆಯುಷ್ಯ ಕಡಿಮೆ

ಒಡಪಿನ ರಾಣಿ, ನನ್ನ ಅವ್ವನಿಗೆ,

ನಾನು ಮದುವೆಯಾಗಿ ಮೊದಲ ಸಲ ತವರಿಗೆ ಬಂದಾಗ ನೀನು ಹೊಸ್ತಿಲಿಗೆ ಅಡ್ಡ ನಿಂತು, “ಒಡಪ ಹೇಳಿದ್ರ ಒಳಗ, ಇಲ್ಲಾಂದ್ರ ಅಂಗಳದಾಗ” ಎಂದಿದ್ದೆ, ನೆನಪಿದೆಯೇ? ಗಂಡನ ಹೆಸರನ್ನು ನೇರವಾಗಿ ಹೇಳಬಾರದು, ಪ್ರಾಸದಲ್ಲಿ ಸುತ್ತಿ ಹೇಳಬೇಕು. ಏಕೆಂದರೆ, ನೀನು ಹೇಳುತ್ತಿದ್ದಂತೆ, “ಸುಮ್ಮಸುಮ್ಮನ ಹೆಸರು ಹಿಡದ್ರ ಅವರ ಆಯುಷ್ಯ ಕಡಿಮಿ ಆಗ್ತದ.” ಬಿ.ಎ. ಓದಿದವಳು ನಾನು, ನಕ್ಕಿದ್ದೆ.

ಕಳೆದ ಮಳೆಗಾಲದಲ್ಲಿ ಸ್ನಾನ ಮಾಡುವಾಗ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು, ಅವ್ವ. ಕ್ಯಾನ್ಸರ್, ಮೂರನೆಯ ಹಂತ. ಮನೆಯಲ್ಲಿ ಯಾರೂ ಆ ಹೆಸರೆತ್ತಲಿಲ್ಲ. ಧಾರವಾಡದಿಂದ ಇಲ್ಲಿ ಹಡಪಸರಕ್ಕೆ ಓಡಿಬಂದ ವೈನಿ, ಅಣ್ಣನ ಹೆಂಡತಿ, “ಅದು” ಎಂದರು, ನಿನ್ನ ಅಳಿಯ “ಆ ಪ್ರಾಬ್ಲೆಮ್” ಎಂದರು. ಹೆಸರೇ ಇಲ್ಲದ್ದರ ಜೊತೆ ಜಗಳವಾಡುವುದಾದರೂ ಹೇಗೆ? ಗೋಡೆಗೆ ಮುಖ ಮಾಡಿ ಮಲಗಿದೆ. ತಲೆ ಬಾಚುವ ಕೆಲಸವಂತೂ ಕಿಮೊ ಕೃಪೆಯಿಂದ ಉಳಿದಿರಲಿಲ್ಲ. ಪ್ರಾಸವೂ ಹತ್ತಿರ ಸುಳಿಯಲಿಲ್ಲ. ಕೊನೆಗೆ, ಮುಂದಿನ ಕಿಮೊಗೆ ಬರುವುದಿಲ್ಲ ಎಂದುಬಿಟ್ಟೆ. ಸಾಕಾಗಿತ್ತು, ಅಷ್ಟೇ...

ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಎದುರುಮನೆಯ ಕಮಲಾಬಾಯಿ ನನ್ನನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಹೋದರು. ಹೆಂಗಸರೆಲ್ಲ ಒಬ್ಬೊಬ್ಬರಾಗಿ ಒಡಪಿನಲ್ಲಿ ಗಂಡನ ಹೆಸರು ಹೇಳಿದರು, ಮರಾಠಿಯಲ್ಲಿ ಕೆಲವರು, ಕನ್ನಡದಲ್ಲಿ ಕೆಲವರು. ನನ್ನ ಸರದಿ ಬಂದಾಗ ಯಾರೋ ಪಿಸುಗುಟ್ಟಿದರು: “ಪಾಪ, ಅವರನ್ನ ಬಿಡ್ರಿ. ಅವರಿಗೆ... ಅದು ಆಗ್ಯದ.”

ಬಿಡುವುದೇ? ನಿನ್ನ ಮಗಳನ್ನು? ಒಡಪಿನಲ್ಲಿ? ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಎದ್ದು ನಿಂತೆ.

“ಹಡಪಸರದ ಹಾದ್ಯಾಗ ಗಾಡಿಗಳ ಸಾಲು,
ಕ್ಯಾನ್ಸರ್ ಬಂದದ ಮನಿಗೆ, ಮುರೀತೀನಿ ಕಾಲು,
ಅದು ಹೋಗೋತನಕ ಶ್ರೀಧರರಾಯರು ಬಾಗಿಲಿಗೆ ಕಾವಲು!”

ಕಮಲಾಬಾಯಿ ಕೂಡಲೇ, “ಕಾಲಷ್ಟ ಯಾಕ್ರಿ? ಸೊಂಟಾನೂ ಮುರೀರಿ!” ಎಂದರು. ನಗು ಎದ್ದಿತು. ಅದರಲ್ಲಿ ನನ್ನದೂ ಇತ್ತು, ಎಷ್ಟೋ ತಿಂಗಳ ನಂತರ.

ಮನೆಗೆ ಬಂದವಳೇ ನಿನ್ನ ಅಳಿಯನಿಗೆ, “ಸೋಮವಾರ ಗಾಡಿ ತಗೀರಿ” ಎಂದೆ.

“ಎಲ್ಲಿಗೆ?”

“ದವಾಖಾನಿಗೆ. ನನಗ ಕ್ಯಾನ್ಸರ್ ಆಗ್ಯದ, ಗೊತ್ತಿಲ್ಲೇನ್ರಿ?”

ಪಾಪ, ಕೂತಲ್ಲೇ ಅತ್ತರು. ಆಮೇಲೆ ಗಾಡಿಯ ಕೀಲಿ ಹುಡುಕತೊಡಗಿದರು, ಸೋಮವಾರಕ್ಕೆ ಇನ್ನೂ ಮೂರು ದಿನವಿತ್ತು.

ಅಳು ನನಗೂ ಬರುತ್ತದೆ, ಅವ್ವ. ಮನೋವೈದ್ಯೆ ಕೊಟ್ಟ ಗುಳಿಗೆ ನಡೆದಿದೆ. ಗೋಡೆ ಈಗಲೂ ಕರೆಯುತ್ತದೆ, ಕೆಲವು ದಿನ ಹೋಗಿ ಮಲಗುತ್ತೇನೆ ಕೂಡ. ಆದರೆ ಕಿಮೊ ತಪ್ಪಿಸುವುದಿಲ್ಲ, ನಿನ್ನಾಣೆ. ನಿನ್ನ ಅಳಿಯನ ಹೆಸರು ಇನ್ನು ಮುಂದೆಯೂ ಒಡಪಿನೊಳಗೆ ಭದ್ರ. ಅದರ ಹೆಸರನ್ನು ಮಾತ್ರ ಬೆಳಗಾದರೆ ಹಲ್ಲುಜ್ಜುತ್ತ, ಪ್ರಾಸವಿಲ್ಲದೆ, ಸುಮ್ಮಸುಮ್ಮನೆ ಹಿಡಿದು ಕರೆಯುತ್ತೇನೆ: ಕ್ಯಾನ್ಸರ್, ಕ್ಯಾನ್ಸರ್, ಕ್ಯಾನ್ಸರ್. ನೀನು ಹೇಳಿದ್ದು ನಿಜವಾದರೆ ಅದರ ಆಯುಷ್ಯ...

ನಿನ್ನ ಬೋಳುತಲೆಯ, ಗಟ್ಟಿಬಾಯಿಯ
ಮಗಳು