ಅಪ್ಪ ಓಡಿಸಿದ ಸದ್ದಿಲ್ಲದ ಬಸ್ಸು

ಯಪ್ಪಾ,

ಮಾನ್ವಿಯಿಂದ ನಾನು ಆ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿಳಿದ ಸಂಜೆ ನಿನಗೆ ನೆನಪಿದೆಯೇ? ಅಲ್ಲಿ ನಾನು ಪಾಠ ಹೇಳುವ ಶಾಲೆಯ ಹತ್ತಿರ ಗೇಮಿಂಗ್ ಅಂಗಡಿ ಇಟ್ಟಿದ್ದ ಇಮ್ರಾನ್ ಅಂಗಡಿ ಮುಚ್ಚುತ್ತಿದ್ದ. ಸ್ಟೀರಿಂಗು, ಪೆಡಲು ಸಮೇತ ಒಂದು ಸೆಟ್ಟನ್ನು ನಾನು ಕೊಂಡುಕೊಂಡೆ. ಜೀವಮಾನವೆಲ್ಲ ರಾಯಚೂರು–ದೇವದುರ್ಗ ಬಸ್ಸು ಓಡಿಸಿದ ನೀನು, ಲಕ್ವ ಹೊಡೆದು ಎಡಗಾಲು ಸೋತ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದೆ. ಕರೆದರೆ ‘ಹೂಂ’ ಎನ್ನುವುದೂ ನಿಂತಿತ್ತು. ಕೈಗೆ ಏನಾದರೂ ಕೆಲಸ ಕೊಡಿ ಎಂದಿದ್ದರು ಡಾಕ್ಟರು. ನಿನ್ನ ಕೈಗೆ ಒಗ್ಗಿದ್ದ ಕೆಲಸ ಒಂದೇ ಅಲ್ಲವೇ?

“ಸಣ್ಣ ಹುಡುಗರ ಆಟ ತಂದೀ ಏನಬೇ?” ಅಂದೆ ನೀನು. ನಾನು ಸ್ಟೀರಿಂಗನ್ನು ಮೇಜಿಗೆ ಬಿಗಿದೆ. ಪರದೆಯ ಮೇಲೆ ಬಸ್ಸು ಬಂತು, ರಸ್ತೆ ಬಂತು. ಎಡಗಾಲಿಗೆ ಕೆಲಸ ಬೀಳದ ಹಾಗೆ ಕ್ಲಚ್ ಇಲ್ಲದ ಬಸ್ಸನ್ನೇ ಆರಿಸಿದ್ದೆ. ನೀನು ಸುಮ್ಮನೆ ಒಂದು ಕೈ ಇಟ್ಟೆ. ಆಮೇಲೆ ಎರಡನೆಯದು. ಊಟಕ್ಕೆ ಕರೆದರೆ, “ತಡೀರಿ, ಪ್ಯಾಸೆಂಜರ್ ಅದಾರ” ಎಂದೆ ನೀನು. ಅಡುಗೆಮನೆಯಲ್ಲಿ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಎಷ್ಟು ದಿನಗಳ ಮೇಲೆ ನಿನ್ನ ಮಾತು ಕೇಳಿದ್ದೆವೋ...

ಆದರೆ ಅದರ ಸದ್ದು! ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಆಟ ಶುರುವಾದ ಸ್ವಲ್ಪ ಹೊತ್ತಿಗೆಲ್ಲ ಕಾದು ಬಿಸಿಯಾಗುತ್ತಿತ್ತು. ಅದನ್ನು ತಣಿಸಲು ಅದರ ಮೇಲಿನ ಫ್ಯಾನುಗಳು ಹಿಟ್ಟಿನ ಗಿರಣಿಯ ಹಾಗೆ ಕೂಗಲು ಶುರುಮಾಡುತ್ತಿದ್ದವು. ಅವ್ವನ ಅರೆತಲೆನೋವು ನಿನಗೆ ಗೊತ್ತಿದ್ದದ್ದೇ. ನಿನ್ನ ಮಂಚದ ಪಕ್ಕವೇ ಅವಳ ಮಂಚ. ಅವಳು ಒದ್ದೆ ಬಟ್ಟೆ ಹಣೆಗೆ ಕಟ್ಟಿಕೊಂಡು ಅಡುಗೆಮನೆಯ ನೆಲದ ಮೇಲೆ ಮಲಗಲು ಹೋದಳು. ನೀನು ಅದನ್ನು ನೋಡಿದೆ. ಬಸ್ಸನ್ನು ಪಕ್ಕಕ್ಕೆ ಹಾಕಿ, ಬ್ರೇಕ್ ಎಳೆದು, “ಬಂದ್ ಮಾಡು ಯವ್ವಾ. ಸಾಕಾತು ನನಗ” ಎಂದೆ. ಮರುದಿನ ನಿನ್ನ ಮುಖ ಮತ್ತೆ ಗೋಡೆಯ ಕಡೆಗಿತ್ತು.

ಹೆಡ್‌ಫೋನು ತಂದುಕೊಟ್ಟರೆ ನಿನಗೆ ಮಾತ್ರ ಉಪಯೋಗ, ಅವ್ವನಿಗಲ್ಲ. ಹಾಗಾಗಿ ಭಾನುವಾರ ಕಂಪ್ಯೂಟರಿನ ಡಬ್ಬದ ಮಗ್ಗುಲ ತಗಡು ಬಿಚ್ಚಿ ನಿನ್ನ ಮಂಚದ ಹತ್ತಿರವೇ ಕುಳಿತೆ. ಬೇಕೆಂದೇ ಅಲ್ಲಿ ಕುಳಿತೆ. ಕಾರ್ಡಿನ ಲೋಹದ ಪಟ್ಟಿಗಳ ನಡುವೆ ಧೂಳು ಕಂಬಳಿಯಾಗಿ ಕೂತಿತ್ತು. ನಾನು ಬ್ರಷ್ ಹಿಡಿದು ಕೆರೆಯುವುದನ್ನು ನೀನು ಎಷ್ಟು ಹೊತ್ತು ಸಹಿಸಿಕೊಂಡೆ? “ಆ ಫ್ಯಾನ್ ಹಿಡ್ಕೋ, ತಿರುಗಾಕ ಬಿಡಬ್ಯಾಡ, ಮುರೀತದ” ಎನ್ನುತ್ತ ನೀನು ಎದ್ದು ಕುಳಿತೆ. ನೀನು ಫ್ಯಾನಿನ ರೆಕ್ಕೆ ಬೆರಳಲ್ಲಿ ಒತ್ತಿ ಹಿಡಿದೆ, ನಾನು ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದೆ. ಇಬ್ಬರ ಹುಬ್ಬೂ ಬೆಳ್ಳಗಾದವು. ನಿನ್ನ ಮುಖ ನೋಡಿ ನಾನು ನಕ್ಕರೆ, ನನ್ನ ಮುಖ ನೋಡಿ ನೀನು.

ಸದ್ದು ಕಡಿಮೆಯಾಯಿತು, ಆದರೆ ಹೋಗಲಿಲ್ಲ. ಡಬ್ಬವನ್ನು ಗೋಡೆಯಿಂದ ಈಚೆ ಸರಿಸಿದೆವು, ಬಿಸಿಗಾಳಿ ಹೊರಗೆ ಹೋಗಲಿ ಎಂದು. ಮತ್ತೂ ಸ್ವಲ್ಪ ಇಳಿಯಿತು. ವಿಚಿತ್ರವೆಂದರೆ, ಬಸ್ಸು ಓಡುವಾಗಿನದಕ್ಕಿಂತ ಆಟ ಶುರುವಾಗುವ ಮೊದಲಿನ ಖಾಲಿ ಪುಟದಲ್ಲೇ ಅದು ಜೋರಾಗಿ ಅರಚುತ್ತಿತ್ತು. ಇಮ್ರಾನ್‌ಗೆ ಫೋನ್ ಹಚ್ಚಿದೆ. “ಟೀಚರ್ರ, ನಿಮ್ಮ ಪರದಿ ತೋರ್ಸೋದಕ್ಕಿಂತ ಜಾಸ್ತಿ ಚಿತ್ರ ಅದು ತಯಾರ್ ಮಾಡಾಕತ್ತದ. ಖಾಲಿ ಪುಟದಾಗ ಅದಕ್ಕ ತಡೆನೇ ಇಲ್ಲ ನೋಡ್ರಿ. ಸೆಟ್ಟಿಂಗ್ಸ್‌ನಾಗ ಹೋಗಿ ಒಂದು ಮಿತಿ ಹಾಕ್ರಿ” ಎಂದ. ನನಗೆ ಅರ್ಧ ತಿಳಿಯಿತು. ಸ್ಪೀಕರಿನಲ್ಲಿ ಕೇಳುತ್ತಿದ್ದ ನೀನು, “ಅಂದ್ರ ನ್ಯೂಟ್ರಲ್‌ನಾಗ ನಿಂತು ಸುಮ್ಮನ ರೇಸ್ ಕೊಡಾಕತ್ತದ” ಎಂದೆ. ಆ ಕಡೆ ಇಮ್ರಾನ್ ಜೋರಾಗಿ ನಕ್ಕ. “ಬರೋಬ್ಬರ್ ಅದ ಕಾಕಾ, ಹಂಗ ಅದು!”

ಮಿತಿ ಹಾಕಿದೆ. ಕಾರ್ಡು ಎಳೆದುಕೊಳ್ಳುವ ಕರೆಂಟನ್ನೂ ಇಮ್ರಾನ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಿದೆ. ಒಮ್ಮೆ ಅತಿಯಾಗಿ ಇಳಿಸಿದ್ದಕ್ಕೆ ಆಟವೇ ನಿಂತುಹೋಯಿತು, ಸ್ವಲ್ಪ ಏರಿಸಿದೆ. ಕೊನೆಗೆ, ಸಣ್ಣ ಬಿಸಿಗೆಲ್ಲ ಫ್ಯಾನುಗಳು ಗಾಬರಿಯಾಗಿ ಓಡದೆ ನಿಧಾನವಾಗಿ ವೇಗ ಏರಿಸಿಕೊಳ್ಳುವಂತೆ ಪರದೆಯ ಮೇಲಿನ ವೇಗದ ಗೆರೆ ತಿದ್ದಿದೆ. ನಮ್ಮ ರಾಯಚೂರಿನ ಬೇಸಿಗೆಯಲ್ಲಿ ಫ್ಯಾನನ್ನು ಪೂರ್ತಿ ನಿಲ್ಲಿಸಲು ಆಗುತ್ತದೆಯೇ? ನೀನು ಬಸ್ಸು ಹೊರಡಿಸಿದೆ. ಇಬ್ಬರೂ ಉಸಿರು ಹಿಡಿದು ಕೇಳಿದೆವು. ಬೀದಿಯಲ್ಲಿ ತರಕಾರಿಯವಳ ಕೂಗು ಕೇಳಿಸಿತು. ಮೇಲಿನ ಸೀಲಿಂಗ್ ಫ್ಯಾನು ಕೇಳಿಸಿತು. ಕಾರ್ಡು ಮಾತ್ರ...

ಅವ್ವ ಅಡುಗೆಮನೆಯಿಂದ ಇಣುಕಿದಳು. “ಯಾಕ, ಕೆಟ್ಟುಹೋತೇನು?”

“ಇಲ್ಲಬೇ, ಓಡಾಕತ್ತದ. ನೀ ಬಂದು ಮಲಕೋ” ಎಂದೆ ನೀನು. ಅವಳು ಬಂದು ಮಧ್ಯಾಹ್ನದ ನಿದ್ದೆಗೆ ತನ್ನ ಮಂಚದಲ್ಲಿ ಅಡ್ಡಾದಳು. ಅವಳಿಗೆ ಎಚ್ಚರವಾದಾಗಲೂ ನೀನು ಓಡಿಸುತ್ತಲೇ ಇದ್ದೆ. “ಎಲ್ಲಿಗೆ ಬಂತು?” ಎಂದು ಕೇಳಿದಳು ನೋಡು, ನೀನು ತಿರುಗಿ ಅವಳನ್ನು ನೋಡಿದ ರೀತಿ... ಆ ಮಧ್ಯಾಹ್ನಗಳು ಇನ್ನೊಂದಿಷ್ಟು ಸಿಗಬೇಕಿತ್ತು. ಬೇಸಿಗೆ ಕಳೆಯುವ ಮೊದಲೇ ಒಂದು ಬೆಳಿಗ್ಗೆ, ಚಹಾ ತಣ್ಣಗಾದರೂ ನೀನು ಏಳಲಿಲ್ಲ.

ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿಬಿಟ್ಟೆ. ಬೇರೆ ಯಾರಿಗಾದರೂ ಕೊಡೋಣವೇ ಎಂದು ಅವ್ವನನ್ನು ಕೇಳಿದ್ದೆ. ಒಂದು ರವಿವಾರ ಊಟವಾದ ಮೇಲೆ ಅವಳು ತಾನೇ ಬಟ್ಟೆ ತೆಗೆದು, ಮಡಚಿ ಬದಿಗಿಟ್ಟು, ನಿನ್ನ ಕುರ್ಚಿಯಲ್ಲಿ ಕುಳಿತಳು. “ಚಾಲೂ ಮಾಡು. ಮಲಕೊಂಡು ಬಾಳ್ ದಿನ ನೋಡೀನಿ, ಕುಂತು ನೋಡ್ತೀನಿ” ಎಂದಳು. ಮೊದಲ ದಿನ ಡಿಪೋದ ಗೇಟಿಗೇ ಗುದ್ದಿದಳು. ಬೈದುಕೊಂಡಳು, ನಕ್ಕಳು, ಆಮೇಲೆ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತಳು. ನೀನು ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ. ನಾನು ತಡೆಯಲಿಲ್ಲ. ಕಣ್ಣೊರೆಸಿಕೊಂಡು, “ಹಿಂದಕ್ಕ ಹೆಂಗ ತಗೋಬೇಕು ಇದನ್ನ?” ಎಂದು ಕೇಳಿದಳು.

ಈಗ ನಿನಗೆ ತಿಳಿಸಬೇಕೆಂದೇ ಬರೆಯಲು ಕುಳಿತ ಸುದ್ದಿ. ಮೊನ್ನೆ ಅವ್ವ ದೇವದುರ್ಗದ ಚಿಕ್ಕವ್ವನನ್ನು ನೋಡಲು ಒಬ್ಬಳೇ ಬಸ್ಸಿನಲ್ಲಿ ಹೋಗಿ ಬಂದಳು. ಡ್ರೈವರನ ಹಿಂದಿನ ಸೀಟೇ ಬೇಕೆಂದು ಹಟ ಹಿಡಿದು ಕುಳಿತಳಂತೆ. ಗಬ್ಬೂರಿನ ಹತ್ತಿರ ತಿರುವಿನಲ್ಲಿ ಆ ಹುಡುಗ ಜೋರಾಗಿ ತಿರುಗಿಸಿದನಂತೆ. ಇವಳು ಮುಂದಕ್ಕೆ ಬಾಗಿ, “ಸಾವಕಾಶ ತಮ್ಮಾ, ಹಿಂದಿನ ಗಾಲಿ ರಸ್ತಿ ಬಿಟ್ಟು ಇಳೀತದ” ಎಂದಳಂತೆ.

ಅವನು ಕನ್ನಡಿಯಲ್ಲಿ ನೋಡಿ ನಕ್ಕು, “ಯವ್ವಾ, ನಿನಗ ಬಸ್ ಓಡ್ಸಾಕ ಬರ್ತದೇನು?” ಎಂದು ಕೇಳಿದನಂತೆ.

“ಬರ್ತದಪ್ಪಾ. ದಿನಾ ಮಧ್ಯಾಹ್ನ ಓಡಸ್ತೀನಿ” ಎಂದಳಂತೆ ನಿನ್ನ ಹೆಂಡತಿ.

ನಿನ್ನ ಮಗಳು,
ನೀಲವ್ವ